ನಲ್ಲಪ್ಪನ ಜೋಡಿ ಕೊಕ್ಕೆ

"ಎತ್ತಿನ ಗಾಡಿಗೆ ನೊಗ ಸಾಕು ಅಕ್ಕ. ಕತ್ತಿನ ಮೇಲೆ ಇಟ್ರೆ ಆಯ್ತು, ತಳ್ಕೊಂಡು ಓಗುತ್ತೆ. ಕುದುರೆ ಅಂಗಲ್ಲ. ಕುದುರೆ ಎದೆಯಿಂದ ಎಳೀಬೇಕು. ಎದೆ ಮೇಲೆ ತೊಗಲು ಪಟ್ಟಿ, ಪಟ್ಟಿಯಿಂದ ಎರಡು ಪಕ್ಕಕ್ಕೂ ಇಂದಕ್ಕೆ ಬರೋ ಬಾರು, ಬಾರಿನ ತುದೀಲಿ ಬಳೆ. ಆ ಬಳೆ ಓಗಿ ಕೂರೋದು ಗಾಡಿ ಮುಂದಿರೋ ಕೊಕ್ಕೆಗೆ. ಜಟಕಾ ಅಂದ್ರೆ ಜನ ಚಕ್ರ ನೋಡೋರು, ಕುದುರೆ ಜುಟ್ಟು ನೋಡೋರು, ಮೇಲಿನ ಬಣ್ಣ ನೋಡೋರು. ಕೊಕ್ಕೆ ಯಾರು ನೋಡ್ತಾರೆ? ಆದ್ರೆ ಇಡೀ ಗಾಡಿ, ಒಳಗೆ ಕೂತಿರೋ ಬಸುರಿ ಬಾಣಂತಿ, ಎಲ್ಲಾ ಆ ಬೆರಳು ದಪ್ಪದ ಕಬ್ಬಿಣ ನಂಬ್ಕೊಂಡಿರೋದು. ಎತ್ತಿಗೆ ನೋವಾದ್ರೆ ಮಲಗಿಬಿಡುತ್ತೆ, ನೀನೇನ್ ಮಾಡ್ಕೊಂತೀಯೋ ಮಾಡ್ಕೋ ಅಂತದೆ. ಕುದುರೆ ನೋವಾದಷ್ಟೂ ಓಡುತ್ತೆ. ಅದಕ್ಕೇ ನಮ್ಮಪ್ಪ ಒಂದು ಪದ್ಧತಿ ಇಟ್ಟಿದ್ರು. ಹೊಸ ಕೊಕ್ಕೆ ಗಾಡಿಗೆ ಬಡಿದ ಮೇಲೆ ಕುದುರೆ ಕಟ್ಟೋಕೆ ಬಿಡ್ತಿರಲಿಲ್ಲ. ಗಾಡಿ ಮುಂದಿನ ಎರಡು ಮರದ ಮಧ್ಯೆ ತಾವೇ ಓಗಿ ನಿಂತ್ಕೊಳ್ಳೋರು. ಎದೆಗೆ ಪಟ್ಟಿ ಆಕ್ಕೊಂಡು, ಗಾಡಿ ಮೇಲೆ ಗಾಡಿಯವನನ್ನೇ ಕೂರಿಸಿ, ಸ್ಟೇಷನ್ ಮುಂದಿನ ಬೇವಿನ ಮರ ಒಂದು ಸುತ್ತು ಎಳ್ಕೊಂಡು ಬರೋರು. ಮಾಡಿದೋನ ಎದೆ ಮೊದಲು, ಕುದುರೆ ಎದೆ ಆಮೇಲೆ ಅನ್ನೋರು. ಕುದುರೆ ಬಂದು ಇಲ್ಲಿ ಒತ್ತುತ್ತೆ, ಇಲ್ಲಿ ಜಾರುತ್ತೆ ಅಂತ ಏಳಲ್ವಲ್ಲ ಅಕ್ಕ, ಅದಕ್ಕೆ."

ನಮ್ಮ ಎದುರು ಮನೆಯ ನಲ್ಲಪ್ಪ ಹೀಗೆ ಮಾತಿಗೆ ಕೂತರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ನನಗಿಂತ ಚಿಕ್ಕವನು, ಅದಕ್ಕೇ ಏಕವಚನ. ಟಿ. ದಾಸರಹಳ್ಳಿಯಲ್ಲಿ ನಮ್ಮ ಬೀದಿ ಅಂದರೆ ಅಗಲ ಕಮ್ಮಿ, ಎತ್ತರ ಜಾಸ್ತಿ. ಎಲ್ಲ ಮನೆಗಳೂ ಮೇಲೆ ಮೇಲೆ ರೂಮು ಕಟ್ಟಿ ಬಾಡಿಗೆಗೆ ಕೊಟ್ಟಿವೆ. ನಲ್ಲಪ್ಪನ ಮನೆಯೊಂದು ಹಾಗೇ ಉಳಿದಿದೆ, ಹೆಂಚಿನ ಮನೆ, ಪಕ್ಕದಲ್ಲಿ ಒಂದು ಚೂರು ಖಾಲಿ ಜಾಗ. ಅಲ್ಲಿ ಶೀಟು ಹೊದಿಸಿ ಅವನು ತನ್ನ ಅಪ್ಪನ ಅಡಿಗಲ್ಲು ಇಟ್ಟುಕೊಂಡಿದ್ದಾನೆ. ಕಬ್ಬಿಣ ಬಡಿಯಲು ಕೆಳಗಿಡುತ್ತಾರಲ್ಲ, ಆ ದಪ್ಪ ಕಬ್ಬಿಣದ ದಿಮ್ಮಿ. ಬಹಳ ವರ್ಷ ಅದರ ಮೇಲೆ ಅವನ ಹೆಂಡತಿ ಪಿಳ್ಳಮ್ಮ ತುಳಸಿ ಕುಂಡ ಇಟ್ಟಿದ್ದಳು.

ಅಪ್ಪನ ಕುಲುಮೆ ಇದ್ದದ್ದು ಯಶವಂತಪುರದಲ್ಲಿ, ರೈಲು ಸ್ಟೇಷನ್ನಿನ ಹತ್ತಿರ. ಆಗ ಸ್ಟೇಷನ್ ಮುಂದೆ ಜಟಕಾ ಸಾಲು ನಿಲ್ಲುತ್ತಿತ್ತಂತೆ. ಬೆಳಗಿನ ರೈಲು ಬರುವ ಮೊದಲು ಕುದುರೆಗಳು ಹುಲ್ಲು ಅಗಿಯುವ ಸದ್ದು, ಹುರುಳಿ ಬೇಯಿಸಿದ ವಾಸನೆ, ಲದ್ದಿ ವಾಸನೆ, ಇದರ ನಡುವೆ ಕುಲುಮೆಯ ಇದ್ದಿಲ ಹೊಗೆ. ನಲ್ಲಪ್ಪ ಹೇಳುತ್ತಿದ್ದ, ರೈಲು ಕೂಗಿದ ತಕ್ಷಣ ಎಲ್ಲ ಕುದುರೆಗಳೂ ಒಟ್ಟಿಗೆ ಕಿವಿ ಎತ್ತುತ್ತಿದ್ದವಂತೆ, ಗಾಡಿಯವರಿಗಿಂತ ಮೊದಲೇ ಅವಕ್ಕೆ ಗಿರಾಕಿ ಬಂದದ್ದು ಗೊತ್ತಾಗುತ್ತಿತ್ತಂತೆ. ಅಪ್ಪ ಬರೀ ಕೊಕ್ಕೆ ಬಳೆಗಳನ್ನೇ ಮಾಡುತ್ತಿದ್ದರು, ಲಾಳಕ್ಕೆ ಬೇರೆಯವರಿದ್ದರು. ಯಾವ ಗಾಡಿಗೆ ಯಾವ ಕೊಕ್ಕೆ ಎಂದು ಅವರ ಕೈಗೇ ನೆನಪು. ಪಿಳ್ಳಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ತಿದಿ ಒತ್ತಲು ಅವಳನ್ನೇ ಕೂರಿಸುತ್ತಿದ್ದರು. "ಮದುವೆ ಅರಿಶಿಣ ಹೋಗೋಕ್ ಮುಂಚೆ ಮಸಿ ಹತ್ತಿತು ಕಣಕ್ಕ," ಎಂದು ಅವಳು ಇವತ್ತಿಗೂ ಹೇಳಿ ನಗುತ್ತಾಳೆ.

ಆಮೇಲೆ ಆಟೋಗಳು ಬಂದವು. ಜಟಕಾದವರು ಒಬ್ಬೊಬ್ಬರೇ ಕುದುರೆ ಮಾರಿದರು. ಅಪ್ಪ ತೀರಿಕೊಂಡರು. ನಲ್ಲಪ್ಪ ಪೀಣ್ಯದ ಒಂದು ಫೋರ್ಜಿಂಗ್ ಕಾರ್ಖಾನೆ ಸೇರಿದ. ಆಗ ಪೀಣ್ಯದಲ್ಲಿ ಶೆಡ್ಡಿಗೊಂದು ರಾಗಿ ಹೊಲ ಇತ್ತು, ಸಂಜೆ ಶಿಫ್ಟು ಬಿಟ್ಟು ಬರುವಾಗ ಹೊಲದ ಬದುವಿನ ಮೇಲೆ ನಡೆದು ಬರಬೇಕಿತ್ತು. ಈಗ ನಮ್ಮ ತಲೆಯ ಮೇಲೆ ಮೆಟ್ರೋ ಹೋಗುತ್ತದೆ, ಬದು ಎಲ್ಲಿತ್ತು ಎಂದು ಕೇಳಿದರೆ ನಲ್ಲಪ್ಪ ಒಂದು ಪೆಟ್ರೋಲ್ ಬಂಕು ತೋರಿಸುತ್ತಾನೆ.

ಆ ಕಾರ್ಖಾನೆಯಲ್ಲೂ ಅವನ ಹಣೆಯಲ್ಲಿ ಬರೆದದ್ದು ಕೊಕ್ಕೆಯೇ. ದೊಡ್ಡ ದೊಡ್ಡ ಕೊಕ್ಕೆ, ಕೊಂಡಿ, ಸರಪಳಿಯ ಬಳೆ, ಎಲ್ಲ ಪೆಟ್ಟಿಗೆ ತುಂಬಿ ಹಡಗಿಗೆ ಹೋಗುತ್ತಿದ್ದವು. ಏನಕ್ಕೆ ಎಂದು ಯಾರಿಗೂ ತಿಳಿದಿರಲಿಲ್ಲ. ಒಂದು ಸಲ ಅಲ್ಲಿನ ಇನ್‌ಸ್ಪೆಕ್ಷನ್ ನೋಡುತ್ತಿದ್ದ ವಾದಿರಾಜ ಎಂಬುವರು ಒಂದು ಫೋಟೋ ತಂದು ತೋರಿಸಿದರಂತೆ. ಯಾವುದೋ ದೇಶ, ಆನೆಯಂಥ ಕುದುರೆಗಳು, ಅವನ್ನು ಕಟ್ಟಿ ಹೊಲ ಉಳುತ್ತಿದ್ದಾರೆ. ನೇಗಿಲಿನ ಮುಂದೆ ಅಡ್ಡ ಒಂದು ಮರ, ಆ ಮರದ ಎರಡು ತುದಿಗೆ ಇವರು ಬಡಿದ ಕೊಕ್ಕೆ. ನಲ್ಲಪ್ಪನಿಗೆ ಅವತ್ತು ಊಟ ಸೇರಲಿಲ್ಲವಂತೆ, ಸಂತೋಷಕ್ಕೆ. ಇಲ್ಲಿ ಸತ್ತುಹೋದ ಕೆಲಸ ಅಲ್ಲೆಲ್ಲೋ ಬದುಕಿದೆಯಲ್ಲ ಎಂದು.

ಆದರೆ ಆ ಕೆಲಸದ ರೀತಿ ಬೇರೆ. ಅಚ್ಚಿನಲ್ಲಿ ಕಾದ ಕಬ್ಬಿಣ ಇಟ್ಟರೆ ಮೇಲಿಂದ ಯಂತ್ರದ ಸುತ್ತಿಗೆ ಬೀಳುತ್ತದೆ. ಎಲ್ಲ ಒಂದೇ ಥರ ಬರಬೇಕು. ನಲ್ಲಪ್ಪ ಸೇರಿದ ಹೊಸದರಲ್ಲಿ ಕೈಯಿಂದ ತಿದ್ದಿದ ಕೊಕ್ಕೆಗಳನ್ನು ವಾದಿರಾಜರು ಪಕ್ಕಕ್ಕೆ ಎಸೆದು ಹೇಳಿದರಂತೆ: "ನಲ್ಲಪ್ಪ, ಇದು ನಿಮ್ಮಪ್ಪನ ಕುಲುಮೆ ಅಲ್ಲ. ಇಲ್ಲಿ ಒಂದೊಂದಕ್ಕೂ ಒಂದೊಂದು ಮುಖ ಇರಬಾರದು." ಮಾದರಿ ಕೊಕ್ಕೆಯನ್ನು ಎಡಗಡೆ ಇಟ್ಟುಕೊಂಡು, ಅದರ ಪಕ್ಕದಲ್ಲಿ ಹೊಸದನ್ನು ಇಟ್ಟು, ಎರಡೂ ಒಂದೇ ಎಂದು ನೋಡಿ ಕಳಿಸುವುದು. ಕೂದಲು ಬೆಳ್ಳಗಾಗುವವರೆಗೂ ಅವನು ಅದನ್ನೇ ಮಾಡಿದ, ನಿವೃತ್ತಿಯಾದ, ಮನೆಗೆ ಬಂದ.

ಈಗ ನಾನು ಹೇಳಹೊರಟಿದ್ದು ಈಚಿನದು, ಅವರೆಕಾಯಿ ಕಾಲದಲ್ಲಿ ನಡೆದದ್ದು.

ನಮ್ಮ ಹಿಂದಿನ ಬೀದಿಯಲ್ಲಿ ಸಿದ್ರಾಮ ಎಂಬುವನು ಇದ್ದಾನೆ. ಅಥಣಿ ಕಡೆಯವನು. ಪೀಣ್ಯದಲ್ಲಿ ಲಾರಿ ತುಂಬುವ ಕೆಲಸಕ್ಕೆಂದು ಬಂದವನು, ಹೆಂಡತಿ ಮಹಾನಂದಾ ಒಂದು ಗಾರ್ಮೆಂಟ್ಸಿನಲ್ಲಿ ಗುಡಿಸುತ್ತಾಳೆ. ಅವರ ಊರ ಕಡೆ ಇನ್ನೂ ಕುದುರೆ ಗಾಡಿ ಇದೆ, ಟಾಂಗಾ ಅನ್ನುತ್ತಾರೆ. ಸಿದ್ರಾಮ ತನ್ನ ಟಾಂಗಾವನ್ನೂ ಗಂಗಿ ಎಂಬ ಕಂದು ಹೆಣ್ಣು ಕುದುರೆಯನ್ನೂ ಇಲ್ಲಿಗೇ ತಂದುಬಿಟ್ಟ. ಮದುವೆ ಗಂಡಿನ ಮೆರವಣಿಗೆಗೆ, ಭಾನುವಾರ ಕೆರೆಯ ಹತ್ತಿರ ಮಕ್ಕಳನ್ನು ಸುತ್ತಾಡಿಸಲು. ಗಂಗಿ ಮರಿಯಾಗಿದ್ದಾಗ ತಾಯಿ ಸತ್ತಿತ್ತು, ಮಹಾನಂದಾ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದವಳು. ಅವಳ ಸದ್ದು ಕೇಳಿದರೆ ಅದು ತನ್ನನ್ನು ಕಟ್ಟುವ ಖಾಲಿ ಸೈಟಿನಿಂದ ಕೆನೆಯುತ್ತದೆ.

ಒಂದು ದಿನ ಮೆಟ್ರೋ ಕೆಳಗಿನ ಇಳಿಜಾರಿನಲ್ಲಿ ಟಾಂಗಾದ ಒಂದು ಕೊಕ್ಕೆ ಮುರಿಯಿತು. ವೆಲ್ಡಿಂಗ್ ಅಂಗಡಿಯಲ್ಲಿ ಸರಳು ಬಗ್ಗಿಸಿ ಅಂಟಿಸಿದ್ದ ಕೊಕ್ಕೆ ಅದು, ಇನ್ನೊಂದು ಪಕ್ಕದ್ದೂ ಅಂಥದ್ದೇ. ಬಿಟ್ಟುಹೋದ ಬಾರು ಗಂಗಿಯ ಹಿಂಗಾಲಿಗೆ ಬಡಿಯಿತು, ಅದು ಬೆದರಿ ಓಡಿತು, ಒಂದೇ ಪಕ್ಕ ಎಳೆದು ಗಾಡಿ ಅಡ್ಡಾದಿಡ್ಡಿಯಾಗಿ ಡಿವೈಡರಿಗೆ ತಾಗಿ ನಿಂತಿತು. ಪುಣ್ಯಕ್ಕೆ ಗಾಡಿಯಲ್ಲಿ ಯಾರೂ ಇರಲಿಲ್ಲ. ಆದರೆ ಅಂದಿನಿಂದ ಗಾಡಿಯ ಮರ ಮೈಗೆ ತಾಗಿದರೆ ಗಂಗಿ ನಡುಗುತ್ತಿತ್ತು.

ಯಾರೋ ಹೇಳಿ ಸಿದ್ರಾಮ ನಲ್ಲಪ್ಪನ ಮನೆ ಹುಡುಕಿಕೊಂಡು ಬಂದ. ನಾನೂ ಪಿಳ್ಳಮ್ಮನೂ ಜಗಲಿಯ ಮೇಲೆ ಅವರೆಕಾಳು ಹಿಚುಕುತ್ತಾ ಕೂತಿದ್ದೆವು.

"ಅಜ್ಜಾರ, ಇನ್ನೊಮ್ಮೆ ಹೆದರಿತಂದ್ರ ಅದು ಗಾಡಿಗೆ ಬರಂಗಿಲ್ರಿ," ಅಂದ ಸಿದ್ರಾಮ. "ಗಾಡಿಗೆ ಬರದಿದ್ರ ಈ ಊರಾಗ ಕುದುರಿ ಹೆಂಗ ಸಾಕೂದ್ರಿ? ನಮ್ಮ ಕಡೆ ಟಾಂಗಾ ರೇಸಿನ ಮಂದಿ ಫೋನ್ ಹಚ್ಚಾಕತ್ತಾರ, ಕೊಡು ಕೊಡು ಅಂತ. ಅವರ ಕೈಗೆ ಹೋದ್ರ ಡಾಂಬರ್ ಮ್ಯಾಲ ಬಡದ ಓಡಸ್ತಾರ. ನನ್ ಹೆಂಡ್ತಿ ಉಣ್ಣೂದ ಬಿಟ್ಟಾಳ್ರಿ."

ನಲ್ಲಪ್ಪ ಎದ್ದು ಹೋಗಿ ಅಡಿಗಲ್ಲಿನ ಮೇಲಿದ್ದ ತುಳಸಿ ಕುಂಡವನ್ನು ಎತ್ತಿ ಗೋಡೆ ಪಕ್ಕಕ್ಕೆ ಇಟ್ಟ. ಪಿಳ್ಳಮ್ಮ ನನ್ನ ಮುಖ ನೋಡಿದಳು.

ಗುಜರಿ ಅಂಗಡಿಯಿಂದ ಲಾರಿ ಆಕ್ಸಲ್ಲಿನ ತುಂಡು ಬಂತು, ಇದ್ದಿಲು ಬಂತು. ತಿದಿಯ ಬದಲು ಒಂದು ಸಣ್ಣ ಬ್ಲೋಯರ್. ಕೆಂಪಗೆ ಕಾದ ಕಬ್ಬಿಣದ ಮೇಲೆ ಅವನ ಸುತ್ತಿಗೆ ಬೀಳುತ್ತಿದ್ದರೆ ಮೇಲಿನ ರೂಮುಗಳ ಹುಡುಗರೆಲ್ಲ ಇಣುಕಿ ನೋಡುತ್ತಿದ್ದರು. ಒಂದು ಕೊಕ್ಕೆ ಆಯಿತು. ಅದನ್ನು ಎಡಕ್ಕಿಟ್ಟುಕೊಂಡು ಇನ್ನೊಂದು ಮಾಡಿದ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ, ಅವಳಿ ಮಕ್ಕಳ ಹಾಗಿದ್ದವು. ಅವನ ಮುಖದಲ್ಲಿ ನಾನು ಆವರೆಗೆ ನೋಡಿರದ ಒಂದು ಕಳೆ ಬಂತು.

ಸಿದ್ರಾಮ ಟಾಂಗಾ ತಂದ. ಕೊಕ್ಕೆಗಳನ್ನು ಬೋಲ್ಟು ಹಾಕಿ ಬಿಗಿದದ್ದಾಯಿತು. ಮಹಾನಂದಾ ಗಂಗಿಯ ಹಗ್ಗ ಹಿಡಿದು ಬೀದಿಯ ತುದಿಯಲ್ಲಿ ನಿಂತಿದ್ದಳು. ನಲ್ಲಪ್ಪ ಶರ್ಟು ಬಿಚ್ಚಿ ಕುದುರೆಯ ಎದೆಪಟ್ಟಿಯನ್ನು ತನ್ನ ಎದೆಗೆ ಹಾಕಿಕೊಂಡ.

ಪಿಳ್ಳಮ್ಮ ಬಾಗಿಲಲ್ಲೇ ನಿಂತು, ನೀನೇನು ಕುದುರೆ ಆಗೋಕೆ ಹೊರಟಿದ್ದೀಯಾ, ಮಂಡಿ ನೋವು ಅಂತ ರಾತ್ರಿಯೆಲ್ಲ ನನ್ನ ಕೈಲಿ ಎಣ್ಣೆ ಉಜ್ಜಿಸಿಕೊಳ್ಳುವವನು, ಎಂದಳು. ಸಿದ್ರಾಮ ನಾಚಿಕೊಂಡು, "ನೀವು ಎಳದ್ರ ನಾ ಮ್ಯಾಲ ಕುಂಡ್ರೂದು ಹೆಂಗ್ರಿ ಅಜ್ಜಾರ, ಪಾಪ ಬರ್ತೈತ್ರಿ," ಅಂದ. ಕೂರಲೇಬೇಕು, ಅದೇ ಪದ್ಧತಿ ಎಂದು ನಲ್ಲಪ್ಪ ಅವನನ್ನು ಹತ್ತಿಸಿದ. ದಾರಿಯಲ್ಲಿ ನಿಂತಿದ್ದ ಆಟೋದವನು ಕತ್ತು ಹೊರಗೆ ಹಾಕಿ ಕೇಳಿದ:

"ತಾತ, ಮೀಟರ್ ಮೇಲೆ ಬರ್ತೀರಾ, ಡಬಲ್ ಕೇಳ್ತೀರಾ?"

ಎಲ್ಲರೂ ನಕ್ಕರು. ನಲ್ಲಪ್ಪನೂ ನಕ್ಕು ಮುಂದಕ್ಕೆ ಬಾಗಿದ. ಗಾಡಿ ಉರುಳಿತು. ನೇರ ದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ಟ್ರಾನ್ಸ್‌ಫಾರ್ಮರ್ ಹತ್ತಿರ ತಿರುಗಿಸುವಾಗ ಅವನು ನಿಧಾನ ಮಾಡಿದ, ಬಾರು ಸಡಿಲವಾಯಿತು, ಬಲಗಡೆಯ ಬಳೆ ಕೊಕ್ಕೆಯಿಂದ ಜಾರಿ ಹೊರಗೆ ಬಂದು ಅವನ ಮೀನಖಂಡಕ್ಕೆ ಬಡಿಯಿತು. ಗಾಡಿ ವಾಲಿತು. ಸಿದ್ರಾಮ ಕೆಳಗೆ ಹಾರಿ ಚಕ್ರ ಹಿಡಿದ.

ಯಾರೂ ನಗಲಿಲ್ಲ. ನಲ್ಲಪ್ಪ ಕಾಲು ನೋಡಿಕೊಳ್ಳಲಿಲ್ಲ, ಕೊಕ್ಕೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಎಡಗಡೆಯ ಕೊಕ್ಕೆಯ ಬಾಯಿ ಒಳಗೆ, ಗಾಡಿಯ ಮಧ್ಯಕ್ಕೆ ನೋಡುತ್ತಿತ್ತು. ಬಲಗಡೆಯದು ಹೊರಗೆ, ಚಕ್ರದ ಕಡೆಗೆ ನೋಡುತ್ತಿತ್ತು. ಬಾಯಿ ಹೊರಗಿದ್ದರೆ ತಿರುವಿನಲ್ಲಿ ಬಳೆ ಜಾರದೆ ಏನು ಮಾಡುತ್ತದೆ? ಗಾಡಿ ಕೊಕ್ಕೆ ಅಂದರೆ ಜೋಡಿ. ಎಡದ್ದು ಬೇರೆ, ಬಲದ್ದು ಬೇರೆ. ಎಡದ್ದನ್ನೇ ತಿರುವಿ ಬಲಕ್ಕೆ ಬಿಗಿದರೆ ತುದಿ ನೆಲ ನೋಡುತ್ತದೆ, ಬಳೆ ನಿಲ್ಲುವುದಿಲ್ಲ. ಅವನು ಮಾಡಿದ್ದು ಎರಡೂ ಎಡದ್ದು.

"ಎರಡೂ ಒಂದೇ ಥರ ಮಾಡಿದೀನಿ ಅಕ್ಕ," ಅಂದ, ನನ್ನ ಕಡೆ ತಿರುಗಿ. "ಫ್ಯಾಕ್ಟ್ರೀಲಾಗಿದ್ರೆ ಪಾಸ್ ಆಗಿರೋದು."

ಸಿದ್ರಾಮ ಬೀದಿಯ ತುದಿಗೆ ನೋಡಿದ. ಗಂಗಿ ಏನೂ ಅರಿಯದೆ ಮಹಾನಂದಾಳ ಸೆರಗು ಮೂಸುತ್ತಿತ್ತು. ಅದನ್ನೇ ಮೊದಲು ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅವತ್ತು ಮಧ್ಯಾಹ್ನವೇ ನಲ್ಲಪ್ಪ ಮತ್ತೆ ಬೆಂಕಿ ಹಾಕಿದ. ಬಲದ ಕೊಕ್ಕೆ ಮಾಡುತ್ತೇನೆಂದು ಕೂತ. ಕಾಯಿಸಿದ, ಬಡಿದ, ಬಗ್ಗಿಸಿದ. ಆರಿದ ಮೇಲೆ ನೋಡಿದರೆ ಮತ್ತೆ ಎಡದ್ದು. ಮನಸ್ಸಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಮರುದಿನವೂ ಹಾಗೇ ಆಯಿತು. ಸುತ್ತಿಗೆ ಇಟ್ಟು ಜಗಲಿಗೆ ಬಂದು ಕೂತ. ಅಪ್ಪ ಕಣ್ಣು ಮುಚ್ಚಿಕೊಂಡು ಜೋಡಿ ಮಾಡುತ್ತಿದ್ದರು, ಅವರ ಮಗ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಎಂದ. ಸಿದ್ರಾಮನಿಗೆ ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿಕಳಿಸಬೇಕು ಎಂದ. ಬೇರೆ ಯಾರಿದ್ದಾರೆ? ವೆಲ್ಡಿಂಗ್ ಅಂಗಡಿ. ಅದೂ ಇಲ್ಲವಾದರೆ ರೇಸಿನವರು. ಇದೆಲ್ಲ ಅವನಿಗೂ ಗೊತ್ತಿತ್ತು.

ಪಿಳ್ಳಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತದೆ ಕೇಳಿದಳು: "ನೀನು ಮಾದರೀನ ಎಲ್ಲಿಟ್ಕೊಂಡು ಮಾಡ್ತಿದೀಯಾ?"

"ಪಕ್ಕದಲ್ಲಿ. ಇನ್ನೆಲ್ಲಿ ಇಟ್ಕೊಳ್ಳಲಿ?"

"ಮಾವ ಪಕ್ಕದಲ್ಲಿ ಇಟ್ಕೊಳ್ತಿರಲಿಲ್ಲ."

ಅವನು ಅವಳ ಕಡೆ ನೋಡಿದ. ಅವಳು ಮೊರ ಕೆಳಗಿಟ್ಟಳು.

"ನಾನು ತಿದಿ ಒತ್ತುತ್ತಿದ್ನಲ್ಲ, ಅವರ ಎದುರಿಗೆ ಕೂತು. ಎಡದ್ದು ಆಗುತ್ತಲೂ ಅದನ್ನ ನನ್ನ ಕೈಗೆ ಕೊಡೋರು. ಹಿಡ್ಕೋ ಮಗಳೇ, ಬಾಯಿ ನನ್ನ ಕಡೆಗೆ ಇರಲಿ ಅನ್ನೋರು. ನಾನು ಒಂದು ಕೈಲಿ ತಿದಿ, ಒಂದು ಕೈಲಿ ಕೊಕ್ಕೆ. ಅವರು ನನ್ನ ಕೈ ನೋಡ್ಕೊಂಡೇ ಇನ್ನೊಂದು ಬಗ್ಗಿಸೋರು. ಎರಡೂ ಬಾಯಿ ಬಾಯಿ ನೋಡ್ಕೊಂಡಿರಬೇಕು, ಗಂಡ ಹೆಂಡ್ತಿ ಜಗಳಾಡೋ ಹಾಗೆ, ಅಂತಿದ್ರು."

"ನಂಗ್ಯಾಕೆ ಇದು ಗೊತ್ತಿಲ್ಲ?"

"ನೀನೆಲ್ಲಿ ಇರ್ತಿದ್ದೆ? ಸ್ಟೇಷನ್ನಲ್ಲಿ ರೈಲು ನೋಡ್ಕೊಂಡು ನಿಂತಿರ್ತಿದ್ದೆ. ಅಪ್ಪನ ಪಕ್ಕ ನಿಂತು ನೋಡಿದ್ದೀಯೇ ಹೊರತು ಎದುರಿಗೆ ಕೂತಿದ್ದೀಯಾ ಒಂದು ದಿನ?"

ನಲ್ಲಪ್ಪ ಹೋಗಿ ಬ್ಲೋಯರ್ ಹಚ್ಚಿದ. ಪಿಳ್ಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಒಂದು ಕಲ್ಲಿನ ಮೇಲೆ ಅಡಿಗಲ್ಲಿಗೆ ಎದುರಾಗಿ ಕೂತು, ಕೊಕ್ಕೆಯನ್ನು ಬಾಯಿ ಅವನ ಕಡೆ ಮಾಡಿ ಹಿಡಿದಳು. ಕಬ್ಬಿಣ ಕೆಂಪಾಯಿತು. ಇಕ್ಕಳದಲ್ಲಿ ಹಿಡಿದು ಎತ್ತಿ ಅವನು ಒಂದು ಸಲ ಅವಳ ಕೈ ನೋಡಿದ, ಒಂದು ಸಲ ಕಬ್ಬಿಣ ನೋಡಿದ, ಬಡಿದ. ಅವಳು, ಇನ್ನೂ ಬಾಗಬೇಕು, ಸಾಕು, ತುದಿ ಎತ್ತು, ಎನ್ನುತ್ತಿದ್ದಳು. ಅವನು ಎದುರು ಮಾತಾಡದೆ ಮಾಡುತ್ತಿದ್ದ. ಅವರ ಮದುವೆಯಾದಂದಿನಿಂದ ನೋಡಿದ್ದೇನೆ, ಅವನು ಅಷ್ಟು ಹೊತ್ತು ಅವಳ ಮಾತು ಕೇಳಿದ್ದು ಅದೇ ಮೊದಲು.

ನೀರಿಗೆ ಹಾಕಿ ಚುಸ್ ಎಂದ ಮೇಲೆ ಎತ್ತಿ ಅವಳ ಕೈಯಲ್ಲಿದ್ದ ಕೊಕ್ಕೆಯ ಎದುರು ಹಿಡಿದ. ಎರಡೂ ಬಾಯಿ ಒಂದನ್ನೊಂದು ನೋಡುತ್ತಿದ್ದವು.

ಎರಡನೆಯ ಸಲ ಎಳೆಯುವ ದಿನ ಬೀದಿಯಲ್ಲಿ ತಮಾಷೆ ಇರಲಿಲ್ಲ. ಆಟೋದವನೂ ಇಳಿದು ಬಂದು ನಿಂತಿದ್ದ. ನಲ್ಲಪ್ಪ ಎದೆಪಟ್ಟಿ ಹಾಕಿಕೊಂಡು ಟ್ರಾನ್ಸ್‌ಫಾರ್ಮರ್ ತನಕ ಹೋದ, ಬೇಕೆಂದೇ ನಿಂತ, ಬಾರು ಸಡಿಲ ಬಿಟ್ಟ, ತಿರುಗಿದ. ಬಳೆ ಕೊಕ್ಕೆಯೊಳಗೇ ಇತ್ತು. ಇನ್ನೊಂದು ಸಲ ಆ ಕಡೆ ತಿರುಗಿಸಿದ. ಅಲ್ಲೂ ಇತ್ತು. ಬೆವರು ಒರೆಸಿಕೊಂಡು ಪಟ್ಟಿ ಬಿಚ್ಚಿ ಸಿದ್ರಾಮನ ಕೈಗೆ ಕೊಟ್ಟು, "ಈಗ ತಗೊಂಬಾ ಮಗಳನ್ನ," ಅಂದ.

ಮಹಾನಂದಾ ಗಂಗಿಯನ್ನು ನಡೆಸಿಕೊಂಡು ಬಂದಳು. ಮರ ಪಕ್ಕೆಗೆ ತಾಗಿದಾಗ ಅದರ ಚರ್ಮ ಅಲೆಯಲೆಯಾಗಿ ನಡುಗಿತು, ಕಿವಿ ಹಿಂದಕ್ಕೆ ಹೋದವು. ಮಹಾನಂದಾ ಅದರ ಮೂಗಿನ ಮೇಲೆ ಹಣೆ ಇಟ್ಟು ಏನೋ ತನ್ನ ಊರ ಮಾತಿನಲ್ಲಿ ಗುನುಗುತ್ತಿದ್ದಳು. ಸಿದ್ರಾಮ ಬಲಗಡೆಯ ಬಳೆ ಹಾಕಿದ, ಎಡಗಡೆಯದು ಹಾಕಿದ. ಗಂಗಿ ಒಂದು ಹೆಜ್ಜೆ ಇಟ್ಟು ನಿಂತಿತು. ಭಾರ ಎರಡೂ ಪಕ್ಕಕ್ಕೆ ಸಮನಾಗಿ ಬಂದದ್ದು ಅದಕ್ಕೆ ತಿಳಿಯಿತೋ ಏನೋ, ಇನ್ನೊಂದು ಹೆಜ್ಜೆ ಇಟ್ಟಿತು. ಆಮೇಲೆ ನಡೆಯಿತು. ತಿರುವಿನಲ್ಲಿ ಎಲ್ಲರೂ ಉಸಿರು ಹಿಡಿದಿದ್ದೆವು, ಅದು ಮಾತ್ರ ಕತ್ತು ಕುಣಿಸಿಕೊಂಡು ತಿರುಗಿ ಬಂತು. ಮಹಾನಂದಾ ಪಿಳ್ಳಮ್ಮನ ಕಾಲಿಗೆ ಬಗ್ಗಿದಳು. ಸಿದ್ರಾಮ ಅಲ್ಲೇ ಫೋನ್ ತೆಗೆದು ಊರಿನವರಿಗೆ, ಕುದುರಿ ಕೊಡಂಗಿಲ್ಲ, ಇನ್ನ ಕೇಳಬ್ಯಾಡ್ರಿ ಎಂದು ಹೇಳಿಬಿಟ್ಟ.

ಟಾಂಗಾ ಬೀದಿ ದಾಟಿ ಹೋಗುವವರೆಗೂ ನಲ್ಲಪ್ಪ ರಸ್ತೆಯ ಮಧ್ಯೆಯೇ ನಿಂತಿದ್ದ. ಗೊರಸಿನ ಸದ್ದು ಬಸ್ಸುಗಳ ಸದ್ದಿನಲ್ಲಿ ಕರಗಿದ ಮೇಲೂ ಕೊಂಚ ಹೊತ್ತು ನಿಂತಿದ್ದ. ಅಷ್ಟರಲ್ಲಿ ಪಿಳ್ಳಮ್ಮ ಒಳಗಿನಿಂದ ಕೂಗಿದಳು, ಕಾವೇರಿ ನೀರು ಬಂತು, ನಿಲ್ಲುವುದರೊಳಗೆ ಹಿಡಿಯಬೇಕು. ನಲ್ಲಪ್ಪ ಶರ್ಟನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ನಲ್ಲಿಗೆ ಪೈಪು ಸಿಕ್ಕಿಸಿ ನೀಲಿ ಡ್ರಮ್ಮಿಗೆ ಬಿಟ್ಟ. ಅದು ತುಂಬುತ್ತಲೂ ಮುಚ್ಚಳ ಹಾಕಿ, ಪೈಪಿನ ಬಾಯಿಯನ್ನು ಹೆಬ್ಬೆರಳಿನಲ್ಲಿ ಮುಚ್ಚಿಕೊಂಡು ಪಕ್ಕದ ಬಿಂದಿಗೆಗೆ ತಿರುಗಿಸಿದ.